ಡಿಜಿ ಬಿಸಿಯಾದ ಮೇಲೆ ಮಿಸ್ ಹೊಡೆಯುತ್ತದೆ, ಕೋಡ್ ಎಸ್‌ಪಿಎನ್ 653 ಎಫ್‌ಎಂಐ 5: ಇಂಜೆಕ್ಟರ್ ಬದಲಿಸಲೇಬೇಕಾ?

ಬ್ಯಾಡಗಿ ಎಲೆಕ್ಟ್ರಿಷಿಯನ್

ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮಲ್ಲಿರುವುದು 160 ಕೆವಿಎ ಡಿಜಿ, ಅಂದರೆ ಡೀಸೆಲ್ ಜನರೇಟರ್. ಆರು ಸಿಲಿಂಡರ್, ಕಾಮನ್ ರೈಲ್ (ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆಲ್ಲ ಒಂದೇ ಹೈ ಪ್ರೆಷರ್ ಪೈಪಿನಿಂದ ಡೀಸೆಲ್ ಹೋಗುವುದು), 12 ವೋಲ್ಟ್ ಬ್ಯಾಟರಿ. ಸಿಪಿಸಿಬಿ ಫೋರ್ ಪ್ಲಸ್ ಎಂಬ ಹೊಗೆ ನಿಯಂತ್ರಣದ ನಿಯಮ ಬಂದ ಮೇಲೆ ತಗೊಂಡದ್ದು. ಅದಕ್ಕೂ ಮೊದಲು ಇದ್ದದ್ದು ಮೆಕ್ಯಾನಿಕಲ್ ಪಂಪಿನ ಡಿಜಿ. ಅದರ ಸ್ವಭಾವ ನಮ್ಮ ಹುಡುಗರಿಗೂ ಗೊತ್ತಿತ್ತು. ಇದು ಹಾಗಲ್ಲ.

ತೊಂದರೆ ಹೀಗಿದೆ. ತಣ್ಣಗಿರುವಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಸದ್ದು ಚೆನ್ನಾಗಿರುತ್ತದೆ, ಲೋಡ್ ತಗೊಳ್ಳುತ್ತದೆ. ಕಂಪ್ರೆಸರ್ ಹಾಕಿ ಅರ್ಧ ಮುಕ್ಕಾಲು ಗಂಟೆ ಆದ ಮೇಲೆ ಮಿಸ್ ಹೊಡೆಯಲು ಶುರು. ಫ್ರೀಕ್ವೆನ್ಸಿ 50ರಲ್ಲಿ ನಿಲ್ಲದೆ ಕೆಳಗೆ ಮೇಲೆ ಆಡುತ್ತದೆ, ಪ್ಯಾನೆಲ್‌ನಲ್ಲಿ ಹಳದಿ ಲೈಟ್ ಬರುತ್ತದೆ. ಕಂಟ್ರೋಲರ್ ತೋರಿಸುವ ಕೋಡ್ ಎಸ್‌ಪಿಎನ್ 653, ಎಫ್‌ಎಂಐ 5. ನಿಲ್ಲಿಸಿ ತಣ್ಣಗಾಗಲು ಬಿಟ್ಟರೆ ಮತ್ತೆ ಏನೂ ಆಗಿಲ್ಲದ ಹಾಗೆ ಓಡುತ್ತದೆ.

ಸರ್ವಿಸ್‌ನವರು ಬಂದು ಕೋಡ್ ಓದಿದರು. ಮೂರನೇ ಇಂಜೆಕ್ಟರ್ ಹೋಗಿದೆ, ಬದಲಿಸಬೇಕು ಎಂದು ಕೊಟೇಶನ್ ಕಳಿಸಿದ್ದಾರೆ. ವಾರಂಟಿ ಮುಗಿದಿದೆ. ಮಾಲೀಕರು ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: ಇಷ್ಟು ದುಡ್ಡು ಹಾಕಿದರೆ ಗ್ಯಾರಂಟಿ ಸರಿಯಾಗುತ್ತದಾ? ನನಗೆ ಹೌದು ಅನ್ನಲು ಧೈರ್ಯ ಬರುತ್ತಿಲ್ಲ. ಸೀಸನ್ ಜೋರಾಗಿದೆ, ಒಳಗೆ ರೈತರ ಮಾಲು ತುಂಬಿದೆ. ಗೊತ್ತಿರುವವರು ದಾರಿ ತೋರಿಸಿ.

ಪೀಣ್ಯ ಡಿಜಿ ಮೆಕ್ಯಾನಿಕ್

ಸರ್, ಇಂಜೆಕ್ಟರ್‌ಗೆ ಈಗಲೇ ಆರ್ಡರ್ ಕೊಡಬೇಡಿ. ಮೊದಲು ಆ ಕೋಡ್ ನಿಜವಾಗಿ ಏನು ಹೇಳುತ್ತಿದೆ ನೋಡೋಣ.

ಎಸ್‌ಪಿಎನ್ 651ರಿಂದ 656 ಅಂದರೆ ಒಂದರಿಂದ ಆರನೇ ಸಿಲಿಂಡರ್‌ವರೆಗಿನ ಇಂಜೆಕ್ಟರ್‌ಗಳು. 653 ಅಂದರೆ ಮೂರನೆಯದು. ಇದು ಜೆ1939 ಎಂಬ ಎಲ್ಲರಿಗೂ ಒಂದೇ ಆದ ಪಟ್ಟಿಯಿಂದ ಬಂದದ್ದು, ಹಾಗಾಗಿ ಎಂಜಿನ್ ಯಾವ ಕಂಪನಿಯದಾದರೂ ಈ ನಂಬರ್‌ಗೆ ಅರ್ಥ ಇದೇ. ಮುಂದಿನ ಎಫ್‌ಎಂಐ ನಂಬರೇ ಮುಖ್ಯ. 5 ಅಂದರೆ ಕರೆಂಟ್ ಹರಿಯಬೇಕಾದಷ್ಟು ಹರಿಯುತ್ತಿಲ್ಲ, ಅಥವಾ ಸರ್ಕ್ಯೂಟ್ ಓಪನ್. 6 ಬಂದಿದ್ದರೆ ಕರೆಂಟ್ ಜಾಸ್ತಿ, ಅಂದರೆ ಎಲ್ಲೋ ಶಾರ್ಟ್. 3 ಮತ್ತು 4 ವೋಲ್ಟೇಜ್‌ಗೆ ಸಂಬಂಧಪಟ್ಟವು. 7 ಬಂದರೆ ಮೆಕ್ಯಾನಿಕಲ್ ಕಡೆ ನೋಡಬೇಕು.

ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಇಂಜೆಕ್ಟರ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ತನ್ನ ಎರಡು ಪಿನ್‌ಗಳಲ್ಲಿ ಹರಿಯುವ ಕರೆಂಟ್ ಮಾತ್ರ. ಆ ಪಿನ್‌ಗಳಿಂದ ಹೊರಗಿನ ಹಾರ್ನೆಸ್ (ವೈರುಗಳ ಕಟ್ಟು), ಸಿಲಿಂಡರ್ ಹೆಡ್ ಪಕ್ಕದ ಕನೆಕ್ಟರ್, ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ಒಳಗಿನ ಹಾರ್ನೆಸ್, ಇಂಜೆಕ್ಟರ್ ತಲೆಯ ಮೇಲಿನ ಟರ್ಮಿನಲ್, ಕಡೆಗೆ ಕಾಯಿಲ್. ಇದರಲ್ಲಿ ಎಲ್ಲಿ ಕಡಿದರೂ ಕೋಡ್ ಒಂದೇ: 653, 5. ಕೋಡ್ ಓದಿ ಇಂಜೆಕ್ಟರ್ ಬದಲಿಸುವವರನ್ನು ನಾನು ಬಹಳ ನೋಡಿದ್ದೇನೆ. ಹೊಸ ಇಂಜೆಕ್ಟರ್ ಕೂರಿಸುವಾಗ ಕನೆಕ್ಟರ್ ಬಿಚ್ಚಿ ಹಾಕಿದ್ದಕ್ಕೇ ಕೆಲವು ದಿನ ಸರಿಯಾಗುತ್ತದೆ. ಆಮೇಲೆ ಮತ್ತೆ ಅದೇ ಕೋಡ್.

ನಿಮ್ಮ ಕೇಸಿನಲ್ಲಿ ಬಿಸಿಯಾದ ಮೇಲೆ ಬರುತ್ತದೆ, ತಣ್ಣಗಾದ ಮೇಲೆ ಹೋಗುತ್ತದೆ. ಇದನ್ನು ನೋಡಿದರೆ ನನಗೆ ಅನುಮಾನ ಇರುವುದು ವೈರಿಂಗ್ ಮೇಲೆ. ಕಾಯಿಲ್ ಒಳಗೇ ಬಿಸಿಗೆ ಬಿಟ್ಟುಕೊಳ್ಳುವುದೂ ಉಂಟು, ಅದಕ್ಕೇ ಅಳೆದು ನೋಡಬೇಕು.

ಮೂರು ವಿಷಯ ತಿಳಿಸಿ. ಮಿಸ್ ಹೊಡೆಯುವಾಗ ಬಿಳಿ ಹೊಗೆ ಬರುತ್ತದಾ? 653 ಒಂದೇ ಬರುತ್ತದಾ, ಜೊತೆಗೆ 651, 652 ಕೂಡ ಬರುತ್ತವಾ? ಬ್ಯಾಟರಿ ವೋಲ್ಟೇಜ್ ಓಡುವಾಗ ಎಷ್ಟಿದೆ?

ಜುಬೈಲ್ ಕನ್ನಡಿಗ

ಮೇಲಿನವರು ಹೇಳಿದ್ದು ಸರಿ. ನಾನು ಸೌದಿಯಲ್ಲಿ ಬಾಡಿಗೆ ಜನರೇಟರ್‌ಗಳ ಕೆಲಸದಲ್ಲಿದ್ದೇನೆ. ಇಲ್ಲಿ 60 ಹರ್ಟ್ಸ್, ಹಾಗಾಗಿ ಎಂಜಿನ್ 1800 ಆರ್‌ಪಿಎಂನಲ್ಲಿ ಓಡುತ್ತದೆ. ಬೇಸಿಗೆಯಲ್ಲಿ ಕ್ಯಾನೊಪಿ (ಜನರೇಟರ್ ಸುತ್ತಲಿನ ಪೆಟ್ಟಿಗೆ) ಒಳಗಿನ ಶಾಖ ಸಾಮಾನ್ಯದ್ದಲ್ಲ. ಈ ತರಹದ ಕಂಪ್ಲೇಂಟ್ ನಮಗೆ ಜಾಸ್ತಿ ಬರುವುದು ಆಗಲೇ.

ಒಂದು ಮಾತು ಎಲ್ಲಕ್ಕಿಂತ ಮೊದಲು ಹೇಳಬೇಕು. ಹಳೇ ಎಂಜಿನ್‌ನಲ್ಲಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡಲು ಓಡುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡುತ್ತಿದ್ದೆವು. ಕಾಮನ್ ರೈಲ್‌ನಲ್ಲಿ ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ರೈಲ್‌ನಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ. ಸೂಜಿ ತೂತಿನಷ್ಟು ಜಾಗದಿಂದ ಚಿಮ್ಮಿದ ಡೀಸೆಲ್ ಕೈಗವಸು, ಚರ್ಮ ಎರಡನ್ನೂ ದಾಟಿ ಒಳಗೆ ಹೋಗುತ್ತದೆ. ಹೊರಗಿನಿಂದ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಹಾಗೇನಾದರೂ ಆದರೆ ಅದು ತಕ್ಷಣ ಆಪರೇಷನ್ ಬೇಕಾಗುವ ಕೇಸು. ನೋವಿಲ್ಲ ಎಂದು ಮನೆಗೆ ಹೋಗಿ ಮಲಗಿದವರು ಬೆರಳು ಕಳೆದುಕೊಳ್ಳುತ್ತಾರೆ. ನಿಮ್ಮ ಹುಡುಗರಿಗೆ ಹಳೇ ಡಿಜಿ ಅಭ್ಯಾಸ ಇದೆ ಎಂದಿರಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸತ್ತ ಸಿಲಿಂಡರ್ ಗುರುತಿಸಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಮಿಸ್ ಹೊಡೆಯುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಒಂದೊಂದು ಪೋರ್ಟ್ ಮೇಲೂ ಹಿಡಿಯಿರಿ. ಉರಿಯದ ಸಿಲಿಂಡರ್‌ನ ಪೋರ್ಟ್ ಉಳಿದ ಐದಕ್ಕಿಂತ ಸಾಕಷ್ಟು ತಣ್ಣಗಿರುತ್ತದೆ. ಟರ್ಬೊ, ಫ್ಯಾನ್, ಬೆಲ್ಟ್ ಕಡೆ ಕೈ ಹೋಗದಂತೆ ನೋಡಿಕೊಳ್ಳಿ.

ಎಣಿಕೆ ಎಲ್ಲಿಂದ ಎಂದೂ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಬಹಳಷ್ಟು ಎಂಜಿನ್‌ಗಳಲ್ಲಿ ಫ್ಯಾನ್ ಕಡೆಯದ್ದು ಒಂದನೆಯದು. ಡಾಯ್ಟ್ಸ್ ಎಂಜಿನ್‌ಗಳಲ್ಲಿ ಫ್ಲೈವೀಲ್ ಕಡೆಯಿಂದ ಎಣಿಸುತ್ತಾರೆ. ಇದು ಗೊತ್ತಿಲ್ಲದೆ ಮೂರನೆಯದರ ಬದಲು ನಾಲ್ಕನೆಯದನ್ನು ಬಿಚ್ಚಿದರೆ ಇಡೀ ದಿನ ಹಾಳು.

ಬ್ಯಾಡಗಿ ಎಲೆಕ್ಟ್ರಿಷಿಯನ್

ಇಬ್ಬರಿಗೂ ಧನ್ಯವಾದ. ನಟ್ ವಿಷಯ ಹುಡುಗರಿಗೆ ಕರೆದು ಹೇಳಿದ್ದೇನೆ.

ಇವತ್ತು ಓಡಿಸಿ ನೋಡಿದೆ. ನಮ್ಮದರಲ್ಲಿ ಫ್ಯಾನ್ ಕಡೆಯಿಂದಲೇ ಎಣಿಕೆ. ಮಿಸ್ ಶುರುವಾದಾಗ ಮೂರನೇ ಪೋರ್ಟ್ ಇಳಿಯುತ್ತಾ ಹೋಯಿತು, ಉಳಿದವು ಹತ್ತಿರ ಹತ್ತಿರ ಒಂದೇ ಇದ್ದವು. ಬಿಳಿ ಹೊಗೆ ಇಲ್ಲ, ಹಸಿ ಡೀಸೆಲ್ ವಾಸನೆಯೂ ಇಲ್ಲ. 653 ಬಿಟ್ಟು ಬೇರೆ ಕೋಡ್ ಬರಲಿಲ್ಲ. ಬ್ಯಾಟರಿ ಓಡುವಾಗ 13.9.

ಪೀಣ್ಯ ಡಿಜಿ ಮೆಕ್ಯಾನಿಕ್

ಬಹಳ ಉಪಯೋಗದ ಮಾಹಿತಿ ಕೊಟ್ಟಿರಿ. ಹೊಗೆ ಇಲ್ಲ, ವಾಸನೆ ಇಲ್ಲ ಅಂದರೆ ಆ ಸಿಲಿಂಡರ್‌ಗೆ ಡೀಸೆಲ್ಲೇ ಬೀಳುತ್ತಿಲ್ಲ. ನಾಜಲ್ ಸೋರಿ ಸರಿಯಾಗಿ ಉರಿಯದಿದ್ದರೆ ಬಿಳಿ ಹೊಗೆ ಬರುತ್ತಿತ್ತು. ಇಂಜೆಕ್ಟರ್ ತೆರೆಯುತ್ತಲೇ ಇಲ್ಲ, ಅದಕ್ಕೆ ಕರೆಂಟ್ ಸಿಗುತ್ತಿಲ್ಲ. ಕೋಡೂ ಅದನ್ನೇ ಹೇಳುತ್ತಿದೆ.

ಬ್ಯಾಟರಿ, ಬೇರೆ ಕೋಡ್ ಬಗ್ಗೆ ಕೇಳಿದ್ದು ಯಾಕೆಂದರೆ, ಆರೂ ಇಂಜೆಕ್ಟರ್‌ಗಳ ಕೋಡ್ ಒಟ್ಟಿಗೆ ಬಂದಿದ್ದರೆ ಇಂಜೆಕ್ಟರ್ ಕಡೆ ತಲೆ ಹಾಕುವುದೇ ಬೇಡ. ಆಗ ಇಸಿಯುಗೆ ಹೋಗುವ ಸಪ್ಲೈ, ಫ್ಯೂಸ್, ರಿಲೇ, ಅರ್ಥ್ ಪಾಯಿಂಟ್ ನೋಡಬೇಕು. ನಿಮಗೆ ಅದು ಬೇಕಿಲ್ಲ.

ಈಗ ಅಳತೆ. ಶುರು ಮಾಡುವ ಮೊದಲು ಎಎಂಎಫ್ ಪ್ಯಾನೆಲ್ ಆಟೋದಿಂದ ಆಫ್‌ಗೆ ಹಾಕಿ. ಅಷ್ಟೇ ಸಾಲದು, ಬ್ಯಾಟರಿಯ ಮೈನಸ್ ಕೇಬಲ್ ತೆಗೆದು ಪಕ್ಕಕ್ಕೆ ಕಟ್ಟಿ. ನೀವು ಟ್ಯಾಪೆಟ್ ಕವರ್ ತೆಗೆದು ಕೈ ಒಳಗಿಟ್ಟಾಗ ಕರೆಂಟ್ ಹೋದರೆ ಡಿಜಿ ತಾನೇ ಸೆಲ್ಫ್ ಹೊಡೆಯುತ್ತದೆ. ಎಸ್‌ಸಿಆರ್ (ಯೂರಿಯಾ ಹಾಕಿ ಹೊಗೆ ಶುದ್ಧ ಮಾಡುವ ವ್ಯವಸ್ಥೆ) ಇರುವ ಸೆಟ್ ಆದರೆ ಯೂರಿಯಾ ಪಂಪ್ ಲೈನ್ ಖಾಲಿ ಮಾಡುವವರೆಗೆ ಕಾದು ಆಮೇಲೆ ಬ್ಯಾಟರಿ ತೆಗೆಯಿರಿ. ನಡುವೆ ಕಡಿದರೆ ಅದು ಇನ್ನೊಂದು ಕೋಡ್ ತರುತ್ತದೆ.

ಎಂಜಿನ್ ಓಡುವಾಗ ಇಂಜೆಕ್ಟರ್ ವೈರಿಗೆ ಮೀಟರ್ ಇಡಬೇಡಿ, ಟೆಸ್ಟ್ ಲ್ಯಾಂಪ್ ಅಂತೂ ಬೇಡವೇ ಬೇಡ. ಬ್ಯಾಟರಿ 12 ವೋಲ್ಟ್ ಇದ್ದರೂ ಇಂಜೆಕ್ಟರ್ ತೆರೆಯುವ ಕ್ಷಣಕ್ಕೆ ಇಸಿಯು 50 ವೋಲ್ಟ್‌ಗಿಂತ ಜಾಸ್ತಿ ಕೊಡುತ್ತದೆ. ಅದಕ್ಕೆಂದೇ ಒಳಗೆ ದೊಡ್ಡ ಕೆಪಾಸಿಟರ್ ಇರುತ್ತದೆ. ಇನ್ನೊಂದು ವಿಷಯ, ಇಂಜೆಕ್ಟರ್‌ನ ಎರಡು ವೈರುಗಳಲ್ಲಿ ಒಂದೂ ಬಾಡಿ ಅರ್ಥ್ ಅಲ್ಲ. ಎರಡನ್ನೂ ಇಸಿಯುವೇ ಆಡಿಸುತ್ತದೆ. ಲಾರಿ ವೈರಿಂಗ್ ಲೆಕ್ಕದಲ್ಲಿ ಒಂದು ತುದಿಯನ್ನು ಬಾಡಿಗೆ ಮುಟ್ಟಿಸಿದರೆ ಇಸಿಯು ಒಳಗಿನ ಡ್ರೈವರ್ ಸರ್ಕ್ಯೂಟ್ ಸುಡಬಹುದು. ಇಂಜೆಕ್ಟರ್ ಉಳಿಸಲು ಹೋಗಿ ಇಸಿಯು ಕಳೆದುಕೊಂಡ ಹಾಗಾಗುತ್ತದೆ.

ಇಸಿಯು ಕನೆಕ್ಟರ್ ಬಿಚ್ಚಿ, ಹಾರ್ನೆಸ್ ಕಡೆಯಿಂದ ಒಂದೊಂದೇ ಜೋಡಿ ಅಳೆಯಿರಿ. ಆರನ್ನೂ ಅಳೆದು ಬರೆದಿಡಿ. ಆಮೇಲೆ ಒಂದೊಂದು ಪಿನ್‌ನಿಂದ ಬ್ಲಾಕ್‌ಗೆ ಅಳೆಯಿರಿ, ಅಲ್ಲಿ ಓಪನ್ ಬರಬೇಕು.

ದಾವಣಗೆರೆ ಆಟೋ ವೈರಿಂಗ್

ಮೀಟರ್ ಬಗ್ಗೆ ನಾನೊಂದಿಷ್ಟು ಸೇರಿಸುತ್ತೇನೆ, ನನ್ನ ಕಸುಬೇ ಇದು.

ಕಾಮನ್ ರೈಲ್ ಸೊಲೆನಾಯ್ಡ್ ಇಂಜೆಕ್ಟರ್ ಕಾಯಿಲ್ ಅರ್ಧ ಓಮ್‌ಗಿಂತಲೂ ಕಡಿಮೆ ಇರಬಹುದು. ಸಾಮಾನ್ಯ ಮಲ್ಟಿಮೀಟರ್‌ನ ಪ್ರೋಬ್ ವೈರಿನದ್ದೇ ಅಷ್ಟು ಇರುತ್ತದೆ. ಮೊದಲು ಎರಡು ಪ್ರೋಬ್ ಒಂದಕ್ಕೊಂದು ಒತ್ತಿ ಹಿಡಿದು ಎಷ್ಟು ಬರುತ್ತದೆ ನೋಡಿ, ಅದನ್ನು ಕಳೆಯಿರಿ. ಮೀಟರ್‌ನಲ್ಲಿ ರಿಲೇಟಿವ್ ಬಟನ್ ಇದ್ದರೆ ಒತ್ತಿದರೆ ಆಯಿತು. ಆದರೂ ಬಂದ ಅಂಕಿಯನ್ನು ಪೂರ್ತಿ ನಂಬಬೇಡಿ. ಆರರಲ್ಲಿ ಯಾವುದು ಬೇರೆ ಇದೆ ಎಂದು ಹೋಲಿಸಿ ನೋಡಿ. ಕಾಯಿಲ್ ಬದಲು ಹರಳಿನಿಂದ ತೆರೆಯುವ ಪೀಜೋ ಇಂಜೆಕ್ಟರ್ ಆದರೆ ಲೆಕ್ಕವೇ ಬೇರೆ, ಅಲ್ಲಿ ಕಿಲೋ ಓಮ್‌ಗಳಲ್ಲಿ ಬರುತ್ತದೆ. ಅದನ್ನು ನೋಡಿ ಓಪನ್ ಅಂದುಕೊಳ್ಳಬಾರದು.

ಇನ್ನೂ ಒಂದು. ಮೀಟರ್ ಕಳಿಸುವ ಕರೆಂಟ್ ತೀರಾ ಸಣ್ಣದು. ವೈರಿನ ಒಳಗೆ ಎಲ್ಲ ಎಳೆ ಕಡಿದು ಒಂದೇ ಎಳೆ ಉಳಿದಿದ್ದರೂ ಮೀಟರ್ ಸರಿ ಎಂದೇ ತೋರಿಸುತ್ತದೆ. ಇಂಜೆಕ್ಟರ್ ಕೇಳುವುದು ಹತ್ತಾರು ಆಂಪ್ಸ್. ಆ ಒಂದು ಎಳೆ ಅಷ್ಟನ್ನು ತಡೆಯುತ್ತದಾ? ಅದಕ್ಕೆ ನಾವು ಮಾಡುವುದು ಬಲ್ಬ್ ಟೆಸ್ಟ್. ವೈರಿನ ಎರಡೂ ತುದಿ ಬಿಡಿಸಬೇಕು. ಇಸಿಯು ಕಡೆಯೂ, ಇಂಜೆಕ್ಟರ್ ಕಡೆಯೂ. ಆಮೇಲೆ ಬೇರೆ ಒಂದು 12 ವೋಲ್ಟ್ ಬ್ಯಾಟರಿಯಿಂದ ಫ್ಯೂಸ್ ಹಾಕಿ, ಆ ವೈರಿನ ಮೂಲಕ 21 ವ್ಯಾಟ್ ಬ್ರೇಕ್ ಲೈಟ್ ಬಲ್ಬ್ ಉರಿಸಿ. ಸುಮಾರು 1.75 ಆಂಪ್ಸ್ ಹರಿಯುತ್ತದೆ. ಬಲ್ಬ್ ಪೂರ್ತಿ ಉರಿದರೆ ವೈರ್ ಸರಿ. ಉರಿಯುತ್ತಿರುವಾಗಲೇ ಹಾರ್ನೆಸ್ಸನ್ನು ಗೇಣು ಗೇಣು ಬಗ್ಗಿಸುತ್ತಾ ಬನ್ನಿ. ಎಲ್ಲಿ ಬಲ್ಬ್ ಮಿಣುಕುತ್ತದೋ ಅಲ್ಲೇ ಕಳ್ಳ.

ವೈರಿನ ಮೇಲೆ ಸೂಜಿ ಚುಚ್ಚಿ ಅಳೆಯುವ ಅಭ್ಯಾಸ ಇದ್ದರೆ ಬಿಡಿ. ಆ ತೂತಿನಿಂದ ತೇವ ಹೋಗಿ ಒಳಗೆ ಹಸಿರು ಹಿಡಿಯುತ್ತದೆ. ಕನೆಕ್ಟರ್ ಪಿನ್ ಒಳಗೆ ದಪ್ಪ ಪ್ರೋಬ್ ತುರುಕುವುದೂ ಬೇಡ. ಪಿನ್ ಅಗಲವಾಗಿ ಹಿಡಿತ ಹೋಗುತ್ತದೆ, ಇಲ್ಲದ ತೊಂದರೆ ನಾವೇ ತಂದುಕೊಂಡ ಹಾಗೆ.

ಬ್ಯಾಡಗಿ ಎಲೆಕ್ಟ್ರಿಷಿಯನ್

ತಣ್ಣಗಿರುವಾಗ ಅಳೆದೆ. ಪ್ರೋಬ್‌ನದ್ದು ಕಳೆದು ಐದು ಜೋಡಿ 0.5 ತೋರಿಸಿದವು. ಮೂರನೆಯದು 0.6. ಬ್ಲಾಕ್‌ಗೆ ಎಲ್ಲವೂ ಓಪನ್. ಇಷ್ಟರಿಂದ ಏನಾದರೂ ಹೇಳಬಹುದಾ? ನನಗೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತಿದೆ.

ಪೀಣ್ಯ ಡಿಜಿ ಮೆಕ್ಯಾನಿಕ್

ಆ ಒಂದು ಪಾಯಿಂಟ್ ವ್ಯತ್ಯಾಸದ ಮೇಲೆ ತೀರ್ಪು ಕೊಡಲು ಆಗಲ್ಲ. ತೊಂದರೆ ಇರುವುದು ಬಿಸಿಯಲ್ಲಿ, ಅಳೆಯಬೇಕಾದದ್ದೂ ಬಿಸಿಯಲ್ಲಿ.

ಲೋಡ್ ಹಾಕಿ ಓಡಿಸಿ. ಮಿಸ್ ಶುರುವಾದ ಮೇಲೆ ಲೋಡ್ ತೆಗೆದು ನಿಲ್ಲಿಸಿ, ಬ್ಯಾಟರಿ ಬಿಡಿಸಿ, ತಕ್ಷಣ ಅದೇ ಜಾಗದಿಂದ ಆರನ್ನೂ ಅಳೆಯಿರಿ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ಏರುತ್ತದೆ. 30 ಡಿಗ್ರಿಯಿಂದ 90ಕ್ಕೆ ಹೋದರೆ ಕಾಲು ಭಾಗದ ಹತ್ತಿರ ಜಾಸ್ತಿ ಆಗುತ್ತದೆ. ಹಾಗಾಗಿ ಆರೂ ಸ್ವಲ್ಪ ಏರಿದರೆ ಗಾಬರಿ ಬೇಡ. ಒಂದು ಮಾತ್ರ ಗುಂಪು ಬಿಟ್ಟು ಹೋದರೆ ಅದೇ ನಮ್ಮದು.

ಮೂರನೆಯದು ಕೈಕೊಟ್ಟರೆ ಹೆಡ್ ಪಕ್ಕದ ಕನೆಕ್ಟರ್ ಬಿಚ್ಚಿ, ಹೆಡ್ ಕಡೆಯ ಪಿನ್‌ಗಳಲ್ಲಿ ಅಳೆಯಿರಿ. ಅಲ್ಲಿ ಸರಿ ಇದ್ದರೆ ತೊಂದರೆ ಹೊರಗಿನ ಹಾರ್ನೆಸ್‌ನಲ್ಲಿ. ಅಲ್ಲೂ ಕೆಟ್ಟಿದ್ದರೆ ಟ್ಯಾಪೆಟ್ ಕವರ್ ಒಳಗೆ. ಕವರ್ ತೆಗೆದು ಇಂಜೆಕ್ಟರ್ ತಲೆಯ ಮೇಲೇ ಅಳೆಯಿರಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಊಹೆಗೆ ಜಾಗವೇ ಉಳಿಯಲ್ಲ.

ಕವರ್ ತೆಗೆಯುವ ಮೊದಲು ಸುತ್ತ ಗಾಳಿ ಹೊಡೆದು ಧೂಳು ತೆಗೆಯಿರಿ. ನಿಮ್ಮಲ್ಲಿ ಮೆಣಸಿನ ಧೂಳು ಬೇರೆ ಇರುತ್ತದೆ, ಕನ್ನಡಕ ಹಾಕಿಕೊಳ್ಳಿ. ಹೈ ಪ್ರೆಷರ್ ಪೈಪುಗಳನ್ನು ಮುಟ್ಟುವ ಅಗತ್ಯವೇ ಈ ಕೆಲಸದಲ್ಲಿ ಇಲ್ಲ.

ಸಾಗರ ರೈಸ್ ಮಿಲ್

ನಡುವೆ ಕೇಳುತ್ತಿದ್ದೇನೆ, ನಮ್ಮದೂ ಇದೇ ತರಹ ಆದರೆ ಸ್ವಲ್ಪ ಬೇರೆ. ಆರು ಸಿಲಿಂಡರ್ ಡಿಜಿ. ಮೊನ್ನೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರು ಸಿಲಿಂಡರ್ ಮೇಲೆ ಮಾತ್ರ ಓಡುತ್ತಿತ್ತು. 651, 652, 653 ಮೂರಕ್ಕೂ ಎಫ್‌ಎಂಐ 6. ಮೂರು ಇಂಜೆಕ್ಟರ್ ಒಂದೇ ರಾತ್ರಿಯಲ್ಲಿ ಹೋಗಲು ಸಾಧ್ಯವಾ?

ಪೀಣ್ಯ ಡಿಜಿ ಮೆಕ್ಯಾನಿಕ್

ಮೂರೂ ಒಟ್ಟಿಗೆ ಹೋಗಿರುವುದಿಲ್ಲ ಸರ್, ನಿಶ್ಚಿಂತೆಯಿಂದಿರಿ.

ಬಹಳಷ್ಟು ಆರು ಸಿಲಿಂಡರ್ ಎಂಜಿನ್‌ಗಳಲ್ಲಿ ಇಸಿಯು ಇಂಜೆಕ್ಟರ್‌ಗಳನ್ನು ಎರಡು ಬ್ಯಾಂಕ್ ಮಾಡಿರುತ್ತದೆ. 1-2-3 ಒಂದು, 4-5-6 ಇನ್ನೊಂದು. ಸಾಮಾನ್ಯವಾದ ಫೈರಿಂಗ್ ಆರ್ಡರ್ 1-5-3-6-2-4 ತಗೊಂಡು ನೋಡಿ. ಒಮ್ಮೆ ಈ ಬ್ಯಾಂಕ್, ಒಮ್ಮೆ ಆ ಬ್ಯಾಂಕ್, ಹೀಗೆ ಸರದಿ ಬರುತ್ತದೆ. 1500 ಆರ್‌ಪಿಎಂನಲ್ಲಿ ಸೆಕೆಂಡಿಗೆ 75 ಇಂಜೆಕ್ಷನ್ ಸರದಿ ಬರುತ್ತದೆ, ಒಂದೇ ಬ್ಯಾಂಕ್‌ನಲ್ಲಿ ಬೆನ್ನು ಬೆನ್ನಿಗೆ ಎರಡು ಬರುವುದಿಲ್ಲ. ಇದು ಸುಮ್ನೆ ಮಾಡಿದ್ದಲ್ಲ.

ಒಂದು ಬ್ಯಾಂಕ್‌ನ ಮೂರೂ ಇಂಜೆಕ್ಟರ್‌ಗೆ ಮೇಲಿನ ಸಪ್ಲೈ ಒಂದೇ. ಒಂದು ಓವರ್‌ಹೆಡ್ ಟ್ಯಾಂಕ್‌ನಿಂದ ಮೂರು ಮನೆಗೆ ನೀರು ಹೋಗುವ ಹಾಗೆ. ಒಂದು ಮನೆಯ ಪೈಪ್ ಒಡೆದರೆ ಮೇಸ್ತ್ರಿ ಟ್ಯಾಂಕ್ ವಾಲ್ವನ್ನೇ ಬಂದ್ ಮಾಡುತ್ತಾನೆ, ಮೂರೂ ಮನೆಗೆ ನೀರಿಲ್ಲ. ನಿಮ್ಮಲ್ಲಿ ಆಗಿರುವುದೂ ಬಹುಶಃ ಇದೇ. ಒಂದು ವೈರ್ ಬಾಡಿಗೆ ತಾಗಿದೆ, ಅಥವಾ ಒಂದು ಕಾಯಿಲ್ ಶಾರ್ಟ್. ತನ್ನನ್ನು ಉಳಿಸಿಕೊಳ್ಳಲು ಇಸಿಯು ಬ್ಯಾಂಕ್ ಪೂರ್ತಿ ನಿಲ್ಲಿಸಿದೆ.

ಬ್ಯಾಟರಿ ಬಿಡಿಸಿ, ಇಸಿಯು ಕನೆಕ್ಟರ್ ತೆಗೆದು, ಆ ಬ್ಯಾಂಕ್‌ನ ಪಿನ್‌ಗಳಿಂದ ಬ್ಲಾಕ್‌ಗೆ ಅಳೆಯಿರಿ. ಕಂಟಿನ್ಯುಟಿ ಬಂದರೆ ಮೂರರಲ್ಲಿ ಒಂದೊಂದನ್ನೇ ಇಂಜೆಕ್ಟರ್ ಕಡೆ ಬಿಡಿಸುತ್ತಾ ಹೋಗಿ. ಯಾವುದನ್ನು ಬಿಡಿಸಿದಾಗ ಕಂಟಿನ್ಯುಟಿ ಹೋಗುತ್ತದೋ ಆ ಇಂಜೆಕ್ಟರ್ ತಪ್ಪು. ಮೂರೂ ಬಿಡಿಸಿದ ಮೇಲೂ ಇದ್ದರೆ ವೈರ್ ತಪ್ಪು. ಇಸಿಯು ಪ್ಲಗ್ ಹಾಕಿಕೊಂಡು ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಮಾತ್ರ ಇಡಬೇಡಿ, 500 ವೋಲ್ಟ್‌ಗೆ ಅದು ಹೋಗುತ್ತದೆ.

ಅಂದ ಹಾಗೆ ರೈಸ್ ಮಿಲ್ ಅಂದಿರಿ. ಇಲಿ ಇವೆಯಾ?

ಸಾಗರ ರೈಸ್ ಮಿಲ್

ಮಿಲ್‌ನಲ್ಲಿ ಇಲಿ ಇಲ್ಲ ಅಂದರೆ ಯಾರೂ ನಂಬಲ್ಲ ಸರ್. ನಾಳೆಯೇ ಹಾರ್ನೆಸ್ ಪೂರ್ತಿ ನೋಡುತ್ತೇನೆ.

ಬ್ಯಾಡಗಿ ಎಲೆಕ್ಟ್ರಿಷಿಯನ್

ಸಿಕ್ಕಿತು ಅನಿಸುತ್ತದೆ, ನೋಡಿ ಹೇಳಿ.

ಮಿಸ್ ಹೊಡೆದ ಮೇಲೆ ನಿಲ್ಲಿಸಿ ಅಳೆದೆ. ಐದು ಜೋಡಿ 0.6ಕ್ಕೆ ಏರಿದ್ದವು, ನೀವು ಹೇಳಿದ ಹಾಗೇ. ಮೂರನೆಯದು ನಿಲ್ಲುತ್ತಲೇ ಇಲ್ಲ. ಒಮ್ಮೆ 3, ಒಮ್ಮೆ 11, ಒಮ್ಮೆ ಓಪನ್. ಹೆಡ್ ಪಕ್ಕದ ಕನೆಕ್ಟರ್ ಬಿಚ್ಚಿ ಹೆಡ್ ಕಡೆ ಅಳೆದರೂ ಅದೇ ಆಟ. ಹಾಗಾಗಿ ಕವರ್ ತೆಗೆದೆ. ಇಂಜೆಕ್ಟರ್ ಟರ್ಮಿನಲ್‌ನಿಂದ ವೈರ್ ಬಿಡಿಸಿ ತಲೆಯ ಮೇಲೇ ಪ್ರೋಬ್ ಇಟ್ಟರೆ 0.5, ಅಲುಗಾಡುವುದೇ ಇಲ್ಲ. ನಾಲ್ಕನೆಯದರ ತಲೆಯ ಮೇಲೂ 0.5. ಅಂದರೆ ಇಂಜೆಕ್ಟರ್ ಚೆನ್ನಾಗಿದೆ, ಅಲ್ವಾ?

ಆಮೇಲೆ ಒಳಗಿನ ಹಾರ್ನೆಸ್‌ಗೆ ಬಲ್ಬ್ ಟೆಸ್ಟ್ ಮಾಡಿದೆ. ಮೂರನೆಯದರ ಒಂದು ವೈರ್ ಸರಿಯಾಗಿ ಉರಿಸಿತು. ಇನ್ನೊಂದರಲ್ಲಿ ಬಲ್ಬ್ ಕೆಂಪಗೆ ಮಂಕಾಗಿ ಉರಿಯಿತು. ಬೆರಳಿನಿಂದ ತಡವುತ್ತಾ ಬಂದರೆ ಒಂದು ಪ್ಲಾಸ್ಟಿಕ್ ಕ್ಲಿಪ್ ಹತ್ತಿರ ಪೂರ್ತಿ ಆರಿತು. ಅಲ್ಲಿ ಕ್ಲಿಪ್‌ನ ಒಂದು ಕಾಲು ಮುರಿದಿದೆ. ವೈರ್ ಅಲ್ಲಿ ಹಿಡಿತ ಇಲ್ಲದೆ ಅಲುಗಾಡುತ್ತಿತ್ತು. ಹೊರಗಿನ ಇನ್ಸುಲೇಷನ್ ನೋಡಲು ಸರಿ ಇದೆ, ಆದರೆ ಗಟ್ಟಿಯಾಗಿದೆ. ಬಗ್ಗಿಸಿದರೆ ಆ ಜಾಗದಲ್ಲಿ ಮಾತ್ರ ಒಳಗೆ ಏನೂ ಇಲ್ಲದ ಹಾಗೆ ಮಡಚಿಕೊಳ್ಳುತ್ತದೆ.

ಆ ತುಂಡು ಕತ್ತರಿಸಿ ಬೆಸುಗೆ ಹಾಕಿ ಸ್ಲೀವ್ ಹಾಕಲಾ? ಕಂಪ್ರೆಸರ್ ಕಾಯುತ್ತಿವೆ.

ದಾವಣಗೆರೆ ಆಟೋ ವೈರಿಂಗ್

ಅಣ್ಣಾ, ಕೆಲಸ ಬಹಳ ಚೊಕ್ಕವಾಗಿ ಮಾಡಿದ್ದೀರಿ. ಒಳಗೆ ಎಳೆ ಕಡಿದಿದೆ, ಅನುಮಾನ ಇಲ್ಲ. ತಣ್ಣಗಿದ್ದಾಗ ತುದಿಗಳು ತಾಗಿಕೊಂಡಿದ್ದವು, ಬಿಸಿಗೆ ಬಿಟ್ಟುಕೊಂಡವು. ಮೊದಲು ಬಂದ ಆ 0.6 ಕೂಡ ಅದೇ ಇರಬೇಕು.

ಬೆಸುಗೆ ಮಾತ್ರ ಬೇಡ. ಟ್ಯಾಪೆಟ್ ಕವರ್ ಒಳಗೆ ಬಿಸಿ ಎಣ್ಣೆ ಸದಾ ಎರಚುತ್ತಿರುತ್ತದೆ, ಮೇಲೆ ವೈಬ್ರೇಷನ್. ಬೆಸುಗೆ ಹಾಕಿದ ಜಾಗ ಕಡ್ಡಿಯಂತಾಗಿ, ಅದರ ಅಂಚಿನಲ್ಲೇ ಮತ್ತೆ ಎಳೆ ಕಡಿಯುತ್ತದೆ. ಸಾಮಾನ್ಯ ಪಿವಿಸಿ ಸ್ಲೀವ್, ಟೇಪ್ ಎಣ್ಣೆಗೆ ಮೆತ್ತಗಾಗಿ ಬಿಚ್ಚಿಕೊಳ್ಳುತ್ತವೆ. ಆ ಚೂರು ಎಣ್ಣೆಯಲ್ಲಿ ಹೋಗಿ ಪಿಕಪ್ ಸ್ಟ್ರೈನರ್‌ಗೆ ಸಿಕ್ಕಿಕೊಂಡರೆ ಅದು ಬೇರೆ ಕಥೆ. ಒಳಗಿನ ಹಾರ್ನೆಸ್ ಪೂರ್ತಿ ಹೊಸದು ಹಾಕಿ. ಅದು ಬಿಡಿಯಾಗಿ ಸಿಗುತ್ತದೆ, ಇಂಜೆಕ್ಟರ್ ಬೆಲೆಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಜುಬೈಲ್ ಕನ್ನಡಿಗ

ನನ್ನದು ಇಲ್ಲಿ ಸ್ವಲ್ಪ ಬೇರೆ ಅಭಿಪ್ರಾಯ. ಹೊಸ ಹಾರ್ನೆಸ್ ಬರುವವರೆಗೆ ಒಳಗಿನ ಮಾಲು ಕೆಡಲು ಬಿಡಲು ಆಗುತ್ತದಾ? ಮರುಭೂಮಿಯಲ್ಲಿ ಸ್ಪೇರ್ ಬರಲು ದಿನಗಟ್ಟಲೆ ಆಗುವಾಗ ನಾವು ತಾತ್ಕಾಲಿಕ ರಿಪೇರಿ ಮಾಡಿದ್ದಿದೆ. ಬೆಸುಗೆ ಇಲ್ಲದ ಬರಿಯ ಬಟ್ ಕ್ರಿಂಪ್ (ಎರಡು ತುದಿಯನ್ನು ಸಣ್ಣ ಲೋಹದ ಕೊಳವೆಯಲ್ಲಿ ಒತ್ತಿ ಸೇರಿಸುವುದು), ಸರಿಯಾದ ಕ್ರಿಂಪಿಂಗ್ ಟೂಲ್‌ನಿಂದ. ಮೇಲೆ ಎಣ್ಣೆ ಮತ್ತು 150 ಡಿಗ್ರಿ ತಡೆಯುವ ಸ್ಲೀವ್. ಜೋಡಣೆಯ ಎರಡೂ ಕಡೆ ವೈರ್ ಅಲುಗದಂತೆ ಹಿಡಿತ. ಹೊಸದು ಬಂದ ದಿನವೇ ಅದನ್ನು ಕಿತ್ತು ಎಸೆಯಬೇಕು. ತಾತ್ಕಾಲಿಕವನ್ನು ಮರೆತುಬಿಡುವವರೇ ಜಾಸ್ತಿ, ಅದಕ್ಕೆ ಪ್ಯಾನೆಲ್ ಬಾಗಿಲ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ.

ಪೀಣ್ಯ ಡಿಜಿ ಮೆಕ್ಯಾನಿಕ್

ಹಾರ್ನೆಸ್ ಹುಬ್ಬಳ್ಳಿಯಲ್ಲೇ ಸಿಗುವ ಸಾಧ್ಯತೆ ಇದೆ, ಮೊದಲು ಫೋನ್ ಮಾಡಿ ನೋಡಿ. ಒಂದೆರಡು ದಿನದ ಮಾತಾದರೆ ಬಾಡಿಗೆ ಡಿಜಿ ತರಿಸುವುದು ವಾಸಿ. ತಾತ್ಕಾಲಿಕಕ್ಕೆ ನಾನು ಕಡೆಯಲ್ಲಿ ಒಪ್ಪುತ್ತೇನೆ.

ಹಾಕುವಾಗ ಎರಡು ಕಡೆ ಗಮನ ಕೊಡಿ. ಇಂಜೆಕ್ಟರ್ ತಲೆಯ ಮೇಲಿನ ಸಣ್ಣ ನಟ್‌ಗಳನ್ನು ಕೈ ಅಂದಾಜಿನಲ್ಲಿ ಬಿಗಿಯಬೇಡಿ. ಜಾಸ್ತಿ ಬಿಗಿದರೆ ಸ್ಟಡ್ ಮುರಿಯುತ್ತದೆ, ಆಗ ನಿಜವಾಗಿಯೂ ಇಂಜೆಕ್ಟರ್ ಹೋಗುತ್ತದೆ. ಕಡಿಮೆ ಬಿಗಿದರೆ ವೈಬ್ರೇಷನ್‌ಗೆ ಸಡಿಲವಾಗಿ ಅದೇ ಎಫ್‌ಎಂಐ 5. ಮ್ಯಾನುಯಲ್‌ನ ಟಾರ್ಕ್ ನೋಡಿ, ಸಣ್ಣ ಟಾರ್ಕ್ ಡ್ರೈವರ್ ಬಳಸಿ. ವೈರ್ ಎಲ್ಲೂ ರಾಕರ್ ಆರ್ಮ್ ದಾರಿಗೆ ಬರಬಾರದು. ಕವರ್ ಮುಚ್ಚುವ ಮೊದಲು ಬಾರಿಂಗ್ ಟೂಲ್‌ನಿಂದ ಎಂಜಿನ್ ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿ.

ಇನ್ನೊಂದು, ಹೊರಗಿನ ಹಾರ್ನೆಸ್‌ನ ಇಸಿಯು ಕನೆಕ್ಟರ್ ಒಳಗೆ ಎಣ್ಣೆ ಇದೆಯಾ? ಹೆಡ್ ಕಡೆಯ ಸೀಲ್ ಬಿಟ್ಟರೆ ಎಣ್ಣೆ ತಾಮ್ರದ ಎಳೆಗಳ ನಡುವೆ ಏರಿ ಇಸಿಯುವರೆಗೂ ಬರುತ್ತದೆ.

ಉಡುಪಿ ಶಾಮಿಯಾನ

ನಮ್ಮದು ಸಣ್ಣ ಪೆಟ್ರೋಲ್ ಇನ್ವರ್ಟರ್ ಜನರೇಟರ್, ಇಎಫ್‌ಐ, ಅಂದರೆ ಎಲೆಕ್ಟ್ರಾನಿಕ್ ಇಂಜೆಕ್ಷನ್‌ನದ್ದು. ಅದಕ್ಕೂ ಅರ್ಧ ಓಮ್ ಲೆಕ್ಕವೇ?

ದಾವಣಗೆರೆ ಆಟೋ ವೈರಿಂಗ್

ಅಲ್ಲ. ಪೆಟ್ರೋಲ್ ಪೋರ್ಟ್ ಇಂಜೆಕ್ಟರ್ ಸಾಮಾನ್ಯವಾಗಿ 11ರಿಂದ 16 ಓಮ್ ಇರುತ್ತದೆ. ಬ್ಯಾಟರಿ ವೋಲ್ಟೇಜೇ ನೇರ ಬರುತ್ತದೆ, ಇಸಿಯು ಅರ್ಥ್ ಕಡೆಯನ್ನು ಮಾತ್ರ ಆಡಿಸುತ್ತದೆ. ಇಂಜೆಕ್ಟರ್ ಕನೆಕ್ಟರ್‌ಗೆ ನಾಯ್ಡ್ ಲೈಟ್ ಎಂಬ ಸಣ್ಣ ಟೆಸ್ಟ್ ದೀಪ ಹಾಕಿ, ಸ್ಟಾರ್ಟ್ ಹಗ್ಗ ಎಳೆದಾಗ ಮಿಣುಕುತ್ತದಾ ನೋಡಿ. ಮಿಣುಕಿದರೆ ವೈರಿಂಗ್ ಸರಿ, ಇಂಜೆಕ್ಟರ್ ನೋಡಿ. ಮಳೆಗಾಲದಲ್ಲಿ ಕಟ್ಟಿಟ್ಟ ಮಷಿನ್ ಆದರೆ ಮೊದಲು ಪಿನ್ ಬಿಚ್ಚಿ ಹಸಿರು ಹಿಡಿದಿದೆಯಾ ನೋಡಿಬಿಡಿ. ಡೀಸೆಲ್ ಸೆಟ್‌ಗೆ ಈ ಲೈಟ್ ಹಾಕಬೇಡಿ.

ಬ್ಯಾಡಗಿ ಎಲೆಕ್ಟ್ರಿಷಿಯನ್

ಹಾರ್ನೆಸ್ ಹುಬ್ಬಳ್ಳಿಯಲ್ಲೇ ಸಿಕ್ಕಿತು. ನಡುವಿನ ರಾತ್ರಿಗೆ ಬಾಡಿಗೆ ಡಿಜಿ ತರಿಸಿದೆವು. ಬಾಗಿಲು ಆದಷ್ಟು ತೆಗೆಯದೆ ಇಟ್ಟದ್ದರಿಂದ ಚೇಂಬರ್ ಟೆಂಪರೇಚರ್ ಹೆಚ್ಚೇನೂ ಏರಲಿಲ್ಲ.

ಹಳೆಯದನ್ನು ಕತ್ತರಿಸಿ ನೋಡಿದೆ. ಕ್ಲಿಪ್ ಇದ್ದ ಜಾಗದಲ್ಲಿ ತಾಮ್ರ ಪೂರ್ತಿ ಕಡಿದು ತುದಿಗಳು ಕಪ್ಪಾಗಿವೆ. ಹೊಸದು ಹಾಕಿ, ಟಾರ್ಕ್ ನೋಡಿ ಬಿಗಿದು, ಕವರ್ ಮುಚ್ಚಿದೆ. ಇಸಿಯು ಕನೆಕ್ಟರ್‌ನಲ್ಲಿ ಎಣ್ಣೆ ಇರಲಿಲ್ಲ. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕಂಪ್ರೆಸರ್ ಎಲ್ಲ ಹಾಕಿ ಓಡಿಸಿದ್ದೇನೆ. ಆರೂ ಪೋರ್ಟ್ ಒಂದೇ ಮಟ್ಟದಲ್ಲಿವೆ, ಫ್ರೀಕ್ವೆನ್ಸಿ ಅಲುಗುತ್ತಿಲ್ಲ. 653 ಬಂದಿಲ್ಲ. ಮಾಲೀಕರು ಇಂಜೆಕ್ಟರ್ ಕೊಟೇಶನ್ ರದ್ದು ಮಾಡಿದ್ದಾರೆ.

ಒಂದು ಕೊನೆಯ ಪ್ರಶ್ನೆ. ಮುಂದೆ ಎಂದಾದರೂ ನಿಜವಾಗಿಯೂ ಇಂಜೆಕ್ಟರ್ ಬದಲಿಸಬೇಕಾಗಿ ಬಂದರೆ ನಾವೇ ಹಾಕಿಕೊಳ್ಳಬಹುದಾ?

ಜುಬೈಲ್ ಕನ್ನಡಿಗ

ಬಹಳ ಸಂತೋಷ ಆಯಿತು ಸರ್. ಇಂಜೆಕ್ಟರ್ ಹಾಕುವುದಷ್ಟೇ ಕೆಲಸ ಅಲ್ಲ. ಬಹಳಷ್ಟು ಕಾಮನ್ ರೈಲ್ ಇಂಜೆಕ್ಟರ್‌ಗಳ ಮೈ ಮೇಲೆ ಒಂದು ಟ್ರಿಮ್ ಕೋಡ್ ಬರೆದಿರುತ್ತದೆ. ಆ ಇಂಜೆಕ್ಟರ್ ಎಷ್ಟು ಜಾಸ್ತಿ ಅಥವಾ ಕಡಿಮೆ ಡೀಸೆಲ್ ಬಿಡುತ್ತದೆ ಎಂಬ ಫ್ಯಾಕ್ಟರಿ ಲೆಕ್ಕ ಅದು. ಹೊಸದು ಹಾಕಿದ ಮೇಲೆ ಸರ್ವಿಸ್ ಸಾಫ್ಟ್‌ವೇರ್‌ನಿಂದ ಅದನ್ನು ಇಸಿಯುಗೆ ಹಾಕಬೇಕು. ಇಂಜೆಕ್ಟರ್‌ಗಳನ್ನು ಒಂದು ಸಿಲಿಂಡರ್‌ನಿಂದ ಇನ್ನೊಂದಕ್ಕೆ ಬದಲಾಯಿಸಿದರೂ ಅಷ್ಟೇ. ಕೂರಿಸಿ ಮುಚ್ಚುವ ಮೊದಲು ಕೋಡ್‌ನ ಫೋಟೋ ತೆಗೆದಿಡಿ, ಮುಚ್ಚಿದ ಮೇಲೆ ಕಾಣುವುದಿಲ್ಲ.

ಸಾಗರ ರೈಸ್ ಮಿಲ್

ನಮ್ಮದರ ವಿಷಯವನ್ನೂ ತಿಳಿಸಿಬಿಡುತ್ತೇನೆ. ಇಲಿಯೇ. ಸ್ಟಾರ್ಟರ್ ಮೋಟಾರ್ ಹಿಂದೆ ಹಾರ್ನೆಸ್ ಬಾಗುವ ಜಾಗದಲ್ಲಿ ಗೂಡು ಕಟ್ಟಿತ್ತು. ಎರಡನೇ ಸಿಲಿಂಡರ್‌ನ ವೈರ್ ಬರಿದಾಗಿ ಬ್ರಾಕೆಟ್‌ಗೆ ತಾಗುತ್ತಿತ್ತು. ಮೂರೂ ಇಂಜೆಕ್ಟರ್ ಬಿಡಿಸಿದ ಮೇಲೂ ಕಂಟಿನ್ಯುಟಿ ಹೋಗಲಿಲ್ಲ, ಹಾಗಾಗಿ ವೈರ್ ಹಿಡಿದು ಹೋದೆ, ಸಿಕ್ಕಿತು. ಹೊರಗಿನ ಹಾರ್ನೆಸ್‌ನ ಆ ಭಾಗ ಹೊಸದು ಹಾಕಿಸಿ ಕೋಡ್ ಅಳಿಸಿದ ಮೇಲೆ ಆರೂ ಸಿಲಿಂಡರ್ ಓಡುತ್ತಿವೆ. ಕ್ಯಾನೊಪಿಯ ಕೇಬಲ್ ತೂತಿಗೆ ಗ್ಲ್ಯಾಂಡ್ ಇರಲಿಲ್ಲ, ಒಳಗೆ ಬಂದದ್ದು ಅಲ್ಲಿಂದಲೇ. ಈಗ ಗ್ಲ್ಯಾಂಡ್ ಹಾಕಿ, ಗಾಳಿ ಬರುವ ಕಿಂಡಿಗಳಿಗೆ ಗಾಳಿಗೆ ಅಡ್ಡಿಯಾಗದ ಹಾಗೆ ಸ್ಟೀಲ್ ಜಾಲರಿ ಕೂರಿಸಿದ್ದೇವೆ.